ಬೆಚ್ಚಗಿನ ಧ್ವನಿ

ಸೀನು ಹಳೇ ಕಂಪ್ಯೂಟರ್ ತಂದು ರಾಯರ ಊಟದ ಮೇಜಿನ ಮೇಲೆ ಇಟ್ಟ. ಅವನ ಮನೆಯಲ್ಲಿ ಜಾಗವಿಲ್ಲ. ಅಲ್ಲಿ ಆಗಲೇ ಎರಡು ಸಿಂಥ್ (ಕರೆಂಟಿನಲ್ಲಿ ಸ್ವರ ಹುಟ್ಟಿಸೋ ವಾದ್ಯ), ಒಂದು ಮೂಟೆ ವೈರು.

"ಕಮೋಡೋರ್ 64. 1982ರದ್ದು" ಎಂದ, ಮಗುವಿಗೆ ನಾಮಕರಣ ಮಾಡಿದವನ ಹಾಗೆ.

"64 ಏನು, ವಯಸ್ಸಾ?"

"ಮೆಮೊರಿ ರಾಯರೇ. 64 ಕೆಬಿ."

"ನಮ್ಮ ಷಡ್ಡಕ ದಿನಾ ಕಳಿಸೋ ಗುಡ್ ಮಾರ್ನಿಂಗ್ ಚಿತ್ರ ಇದರಲ್ಲಿ ಹಿಡಿಸುತ್ತಾ?"

"ಇಲ್ಲ."

"ಹಾಗಾದ್ರೆ ಒಳ್ಳೇ ಯಂತ್ರವೇ."

ಸೀನು ಮುಚ್ಚಳ ತೆಗೆದ. "ಇದೇ ನೋಡಿ ಸಿಡ್ ಚಿಪ್. ಇದರ ಧ್ವನಿಯೆಲ್ಲ ಹುಟ್ಟೋದು ಇಲ್ಲೇ. ಬಾಬ್ ಯಾನ್ನೆಸ್ ಅನ್ನೋ ಎಂಜಿನಿಯರ್ ಮಾಡಿದ್ದು. ಇದರ ನಕಲು ಫೋನಿನಲ್ಲೂ ಸಿಗುತ್ತೆ. ಆದ್ರೆ ಈ ಬೆಚ್ಚಗಿನ ಧ್ವನಿ ಬರೋದಿಲ್ಲ."

ರಾಯರಿಗೆ ಅಷ್ಟೇ ಸಾಕಾಯಿತು. "ಧ್ವನಿ ಬೆಚ್ಚಗಿರುತ್ತಾ? ಮುಟ್ಟಿ ನೋಡಿದೆಯಾ?"

ಪದ್ದಿ ನಿಜವಾಗಿಯೂ ಮುಟ್ಟಿ ಕೈ ಒದರಿದ. "ಅಯ್ಯೋ, ಸುಡ್ತಿದೆ!"

"ಆ ಚಿಪ್ ಬಿಸಿಯಾಗೋದು ಸಹಜ. ಅದಕ್ಕೇ ಫ್ಯಾನ್ ಬೇಕು" ಎಂದು ಸೀನು ಮನೆಯ ಒಂದೇ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದ. ಏಪ್ರಿಲ್ ತಿಂಗಳು. ರಾಯರು ಬನಿಯನ್ನಿನಲ್ಲಿದ್ದರು.

"ನಮ್ಮ ಬಚ್ಚಲ ಹಂಡೆಯೂ ಬೆಚ್ಚಗೇ ಇತ್ತು ಕಣೋ. ಬೆಳಗಿನ ಜಾವ ಪಕ್ಕದಲ್ಲಿ ಕೂತರೆ ಎಂಥಾ ಧ್ವನಿ! ಗುಳು ಗುಳು ಗುಳು. ಅದನ್ನ ಗುಜರಿಗೆ ಹಾಕಿದಾಗ ಮಾತ್ರ ನೀವ್ಯಾರೂ ಬರಲಿಲ್ಲ."

ಯೂಟ್ಯೂಬ್ ಪಂಡಿತ ಪದ್ದಿ ಸುಮ್ನಿರುತ್ತಾನಾ? "ಗುಜರಿ ಅಂತ ನಗಬೇಡಿ. ರೋಲ್ಯಾಂಡ್ ಟಿಬಿ-303 ಅಂತ ಒಂದು ಪೆಟ್ಟಿಗೆ ಇತ್ತು. ಗಿಟಾರಿನವರಿಗೆ ಬೇಸ್ ಜೊತೆ ಕೊಡಲಿ ಅಂತ ಮಾಡಿದ್ದು. ಬೇಸ್ ಗಿಟಾರ್ ಥರ ಕೇಳಿಸಲೇ ಇಲ್ಲ. 1984ಕ್ಕೆ ನಿಲ್ಲಿಸಿಬಿಟ್ಟರು. ಷಿಕಾಗೋ ಹುಡುಗರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಗುಂಡಿಗಳನ್ನ ಅಡ್ಡಾದಿಡ್ಡಿ ತಿರುವಿ ಆಸಿಡ್ ಹೌಸ್ ಅನ್ನೋ ಕುಣಿತದ ಸಂಗೀತ ಹುಟ್ಟಿಸಿದರು. ಅದಕ್ಕೂ ಮೊದಲು, 1982ರಲ್ಲೇ, ನಮ್ಮ ಮುಂಬೈಯ ಚರಣಜಿತ್ ಸಿಂಗ್ ಅದರ ಜೊತೆ ರಾಗ ನುಡಿಸಿ ರೆಕಾರ್ಡ್ ತಂದಿದ್ದರು. ಆಗ ಯಾರೂ ತಿರುಗಿ ನೋಡಲಿಲ್ಲ."

"ಕೇಳಿಸಿಕೊಂಡೆಯಾ ಸೀನು? ಅವರು ಅಗ್ಗಕ್ಕೆ ತಂದು ಸಂಗೀತ ಮಾಡಿದರು. ನೀನು ಮೂರು ವರ್ಷದಿಂದ ದುಬಾರಿಗೆ ತಂದು ವೈರ್ ಬಿಡಿಸ್ತಿದೀಯ. ಒಂದಾದ್ರೂ ಹಾಡು ಮುಗಿಸಿದೀಯೇನೋ?"

"ಒಂದು ಕೇಬಲ್ ಬರಬೇಕು."

ಆ ಕೇಬಲ್ ದಸರೆಯಿಂದ ಬರುತ್ತಲೇ ಇದೆ.

"ಹೋಗಲಿ, ಒಟ್ಟಿಗೆ ಎಷ್ಟು ಸ್ವರ ಹಿಡಿಯುತ್ತೆ?"

"ಮೂರು."

"ಮೂರೇ? ಓಲಗದವರೇ ನಾಲ್ಕು ಜನ ಬರ್ತಾರೆ. ಸರಿ, ಒತ್ತು."

ಸೀನು ಸ್ಪೀಕರಿಗೆ ಸಿಕ್ಕಿಸಿ ಒತ್ತಿ ಹಿಡಿದ. ಸ, ಪ, ಮೇಲಿನ ಸ. ದುಂಬಿ ಸೀಸೆಯಲ್ಲಿ ಸಿಕ್ಕಿಕೊಂಡ ಹಾಗೆ ಒಂದು ಗುಂಯ್.

"ಥೂ, ಇದು ಶ್ರುತಿಪೆಟ್ಟಿಗೆ ಕಣೋ!" ರಾಯರು ತೊಡೆ ತಟ್ಟಿಕೊಂಡು ನಕ್ಕರು. ಈ ಸಂದಿನಲ್ಲಿ ಫ್ಯಾನನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡಿದ್ದರು. "ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ನಮ್ಮ ಬೆಂಗಳೂರಲ್ಲೇ ಮಾಡ್ತಾರೆ. ನಮ್ಮ ಅಟ್ಟದ ಮೇಲೇ ಒಂದಿದೆ. ಇದಕ್ಕೋಸ್ಕರ ಹಡಗಿನಲ್ಲಿ..."

ಅಡುಗೆಮನೆಯ ಮಿಕ್ಸಿ ನಿಂತಿತು.

"ಶ್ರುತಿ ಒಂದು ಮನೆ ಇಳಿಸೋ ಸೀನು" ಎಂದರು ಸರೋಜಮ್ಮ ಒಳಗಿನಿಂದ. "ಈಗ ಅಷ್ಟು ಮೇಲೆ ಹತ್ತೋದಿಲ್ಲ."

ಸೀನು ತಡಕಾಡಿ ಇಳಿಸಿದ. ಒಳಗೆ ಮೊದಲು ಕೆಮ್ಮು. ಆಮೇಲೆ ಒಂದು ಉದ್ದನೆಯ ಸ. ಅವರು ಹಾಡಿದ್ದನ್ನು ನಾವು ಕೇಳಿ ಹತ್ತು ವರ್ಷವಾದರೂ ಆಗಿತ್ತು.

ಪದ್ದಿ ಏನೋ ಹೇಳಲು ಬಾಯಿ ತೆರೆದ. ರಾಯರು ಅವನ ಮಂಡಿ ಹಿಸುಕಿದರು. ಆಮೇಲೆ ಬನಿಯನ್ನಿನಿಂದ ಮುಖ ಒರೆಸಿಕೊಂಡು, ಫ್ಯಾನನ್ನು ಮತ್ತೆ ಕಂಪ್ಯೂಟರ್ ಕಡೆ ತಿರುಗಿಸಿದರು.