ಲೋಡ್ ಬಿದ್ರ ಆಸ್ಟರಿಸ್ಕ್‌ದಾಗ ದನಿ ಕಟ್ ಆಗ್ಲತ್ತದ, ಹೊಸ ಮಷಿನ್ ತಗೋಬೇಕಾ?

ಪ್ರಶ್ನೆ: ಕಲಬುರಗಿ ಗಂಜ್‌ದಾಗ ತೊಗರಿ ರೇಟ್ ಫೋನ್‌ದಾಗ ಕೇಳೋ ಲೈನ್ ಒಂದು ನಡಸ್ಲತ್ತೀವ್ರಿ, ಆಸ್ಟರಿಸ್ಕ್ (ಕಂಪ್ಯೂಟರ್‌ದಾಗ ಫೋನ್ ಕಾಲ್ ನಡಸೋ ಸಾಫ್ಟ್‌ವೇರ್) ಸೋರ್ಸ್‌ಲಿಂದ ನಾವೇ ಬಿಲ್ಡ್ ಮಾಡಿದ್ದು. ಸೀಜನ್‌ದಾಗ ರೈತರು ಒಮ್ಮಿಗೇ ಫೋನ್ ಹಚ್ಚಿದ್ರ ಸಿಪಿಯು ಫುಲ್, ದನಿ ಕಟ್ ಕಟ್. ಅನುಭವ ಇದ್ದೋರು ಹೇಳ್ರಿ.

ಉತ್ತರ 1: ಅಣ್ಣಾ, ಮಷಿನ್ ಆಮ್ಯಾಲ ನೋಡಮು, ಮೊದಲ ಬಿಲ್ಡ್ ನೋಡ್ರಿ. ಮೇಕ್ ಮೆನುಸೆಲೆಕ್ಟ್ (ಬಿಲ್ಡ್‌ದಾಗ ಏನೇನ್ ಬೇಕು ಆರಿಸೋ ಮೆನು) ಒಳಗ ಕಂಪೈಲರ್ ಫ್ಲ್ಯಾಗ್ಸ್ ಅಂತ ಅದಲ್ರಿ, ಅಲ್ಲಿ ಡೋಂಟ್ ಆಪ್ಟಿಮೈಜ್, ಡೀಬಗ್ ಥ್ರೆಡ್ಸ್ ಟಿಕ್ ಆಗಿದ್ರ ತಗೀರಿ. ಕ್ರ್ಯಾಷ್ ಹುಡುಕ್ಲಾಕ ಅವು ಬೇಕು ಖರೆ, ಆದ್ರ ಡೀಬಗ್ ಥ್ರೆಡ್ಸ್ ಒಂದೊಂದು ಲಾಕ್ ಲೆಕ್ಕಾನೂ ಇಟ್ಕೋತ ಹೋಗ್ತದ, ಅದನ್ನ ಇಟ್ಕೊಂಡು ಸ್ಪೀಡ್ ಅಳದ್ರ ಏನೂ ತಿಳಿಯಲ್ಲ. ಇನ್ನೊಂದು, ಬಿಲ್ಡ್ ನೇಟಿವ್ (ಬಿಲ್ಡ್ ಮಾಡೋ ಮಷಿನ್ ಸಿಪಿಯುಗೇ ತಕ್ಕಂಗ ಕಂಪೈಲ್ ಮಾಡೋ ಫ್ಲ್ಯಾಗ್) ಆನ್ ಇಟ್ಟು ಹೊಸ ಮಷಿನ್‌ದಾಗ ಕಂಪೈಲ್ ಮಾಡಿದ ಬೈನರಿ ಹಳೇ ಸಿಪಿಯು ಮ್ಯಾಲ ಓಡಸಿದ್ರ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ನಿಂತೇ ಬಿಡಬಹುದು.

ಆದ್ರ ನಿಮ್ಮದು ರೇಟ್ ಹೇಳೋ ಲೈನ್ ಅಂದ್ರ ನನಗ ಪ್ರಾಂಪ್ಟ್ ಫೈಲ್ (ರೈತರಿಗೆ ಕೇಳಸೋ ರೆಕಾರ್ಡ್ ದನಿ) ಮ್ಯಾಲೇ ಡೌಟ್. ಟ್ರಂಕ್ (ಫೋನ್ ಕಂಪನಿ ಲೈನ್) ಎ-ಲಾ ಅನ್ನೋ ಆಡಿಯೋ ಫಾರ್ಮ್ಯಾಟ್‌ದಾಗ ಇದ್ದು ಫೈಲ್ ಬರೀ ಜಿಎಸ್‌ಎಂ ಫಾರ್ಮ್ಯಾಟ್‌ದಾಗ ಇದ್ರ ಪ್ರತಿ ಕಾಲ್‌ಗೂ ಅದೇ ಫೈಲ್ ಮತ್ತ ಮತ್ತ ಟ್ರಾನ್ಸ್‌ಕೋಡ್ ಆಗ್ತದ, ಅಂದ್ರ ಫಾರ್ಮ್ಯಾಟ್ ಬದಲಾಗ್ತದ. ಕನ್ಸೋಲ್‌ದಾಗ ಫೈಲ್ ಕನ್ವರ್ಟ್ ಕಮಾಂಡ್ ಅದ, ಒಮ್ಮೆ ಎ-ಲಾ ಮಾಡಿಟ್ರ ಆ ಕೆಲಸ ಮುಗೀತು. ಪಿಜೆಸಿಪ್ (ಆಸ್ಟರಿಸ್ಕ್‌ದ ಸಿಪ್ ಕಾಲ್ ನಡಸೋ ಭಾಗ) ಸೆಟ್ಟಿಂಗ್‌ದಾಗೂ ಡಿಸ್‌ಅಲೌ ಆಲ್ ಬರದು ಎ-ಲಾ ಒಂದಕ್ಕೇ ಅಲೌ ಕೊಡ್ರಿ.

ಉತ್ತರ 2: ಮ್ಯಾಲಿನೋರು ಹೇಳಿದ್ದು ಬರೋಬರಿ. ಟೆಸ್ಟ್ ಬಗ್ಗೆ ನಂದು ಒಂದ್ ಮಾತು: ಸಿಪ್ಪ್ (ಟೆಸ್ಟ್ ಕಾಲ್ ಹೊಡಿಯೋ ಟೂಲ್) ಲಿಂದ ಕಾಲ್ ಹೊಡೀರಿ, ಆದ್ರ ಅದು ತಾನಾಗೇ ಕಳಸೋದು ಸಿಗ್ನಲಿಂಗ್ (ಕಾಲ್ ಹಚ್ಚೋ, ಕಟ್ ಮಾಡೋ ಸಂದೇಶ) ಅಷ್ಟೇ, ಆಡಿಯೋ ಇಲ್ಲ. ಪಿಕ್ಯಾಪ್ ಫೈಲ್ (ಹಿಡಿದಿಟ್ಟ ಪ್ಯಾಕೆಟ್) ಕೊಟ್ಟು ಆರ್‌ಟಿಪಿ (ದನಿ ಒಯ್ಯೋ ಪ್ಯಾಕೆಟ್) ಹರಿಸ್ಲಿಲ್ಲಂದ್ರ ಸಾವಿರ ಕಾಲ್ ಕನೆಕ್ಟ್ ಆದ್ರೂ ನಂಬಬ್ಯಾಡ್ರಿ. 20 ಮಿಲಿಸೆಕೆಂಡ್ ಪ್ಯಾಕೆಟ್ ಅಂದ್ರ ಒಂದ್ ಕಡಿಗೆ ಸೆಕೆಂಡಿಗೆ 50, ಹೋಗೋದು ಬರೋದು ಸೇರಿ 100, ಅದೇ ಕಾಲ್ ಏಜೆಂಟ್‌ಗ (ಮಾತಾಡೋ ಮನಷ್ಯಾಗ) ಬ್ರಿಡ್ಜ್ ಆದ್ರ, ಅಂದ್ರ ಜೋಡಿಸಿದ್ರ, 200, ಹಂಗ 100 ಕಾಲ್‌ಗ ಸೆಕೆಂಡಿಗೆ 20,000 ಪ್ಯಾಕೆಟ್ ಸರ್ವರ್ ನುಂಗಬೇಕು. ಸಿಪ್ಪ್ ಬೇರೆ ಮಷಿನ್ ಮ್ಯಾಲ ಹಾಕ್ರಿ, ಕಾಲ್ ಹೊಡಿಯೋ ರೇಟ್ ಸಾವಕಾಶ ಏರಸ್ರಿ, ಲೋಡ್ ಇದ್ದಾಗೇ ಖರೆ ಫೋನ್‌ಲಿಂದ ಒಂದ್ ಕಾಲ್ ಮಾಡಿ ಕಿವಿಲೇ ಕೇಳ್ರಿ. ಓಪನ್ ಫೈಲ್ ಲಿಮಿಟ್ 1024ರಾಗೇ ಇದ್ರ ಅದನ್ನೂ ಏರಸ್ರಿ, ಒಂದೊಂದು ಕಾಲ್ ಆರ್‌ಟಿಪಿ, ಆರ್‌ಟಿಸಿಪಿ (ದನಿ ಹೆಂಗ ಹೋಗ್ಲತ್ತದ ಅನ್ನೋ ವರದಿ) ಅಂತ ಹಲವಾರು ಸಾಕೆಟ್ ತಗೋತದ.

ಉತ್ತರ 3: ನಾನು ಯಾದಗಿರಿಲಿಂದ. ನಮ್ಮ ಕಡಿ ಬ್ಯಾಸಗಿ ಮಧ್ಯಾನ ಎಸಿ ಇಲ್ಲದ ರೂಮಿನಾಗ ಸಿಪಿಯು ಕಾದು ತಾನೇ ಸ್ಪೀಡ್ ಇಳಸ್ತದ್ರಿ, ಮುಂಜಾನಿ ಪಾಸ್ ಆದ ಟೆಸ್ಟ್ 3 ಗಂಟೆಗೆ ಫೇಲ್. ಅದೇ ರೂಮಿನಾಗ, ಅದೇ ಬಿಸಿಲಿನ್ಯಾಗ ಅಳೀರಿ. ರೆಕಾರ್ಡಿಂಗ್ ಆನ್ ಇದ್ರ ಆನ್ ಇಟ್ಟೇ ಟೆಸ್ಟ್ ಮಾಡ್ರಿ, ಡಿಸ್ಕ್ ಕಥಿ ಹೊರಗ ಬರ್ತದ. ಲೋಡ್ ಇದ್ದಾಗ ಪರ್ಫ್ ಟಾಪ್ (ಸಿಪಿಯು ಯಾವುದಕ್ಕ ಹೋಗ್ಲತ್ತದ ತೋರಸೋ ಲಿನಕ್ಸ್ ಕಮಾಂಡ್) ಓಡಸಿ ಮ್ಯಾಲಿನ ಹತ್ತು ಸಾಲು ಇಲ್ಲಿ ಹಾಕ್ರಿ, ನೋಡಿ ಹೇಳ್ತೀವಿ.