ನಾಯಿ ಕೊಡೆ

ನಮ್ಮ ಮನೆಯ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ನಡೆದದ್ದು. ‘ಪುಟ್ಟಿ’ ಅಂದರೆ ನಾನು. ಕೆಲಸಕ್ಕೆಂದು ಬಂದು ನಾರ್ವೆಯಲ್ಲಿದ್ದೇನೆ.

ದೊಡ್ಡಪ್ಪ ಫಾರ್ವರ್ಡ್ ಮಾಡಿದ್ದು: ನಾರ್ವೆಯಲ್ಲಿ ಕೂಡುಪದವನ್ನು ಬಿಡಿಸಿ ಬರೆದರೆ ದಂಡ! ಅಲ್ಲಿಯ ಮಕ್ಕಳು 60 ಅಕ್ಷರಗಳ ಪದವನ್ನೂ ಒಂದೇ ಉಸಿರಿಗೆ ಬರೆಯುತ್ತಾರೆ. ನಮ್ಮ ಮಕ್ಕಳು? ಹತ್ತು ಜನಕ್ಕೆ ಕಳಿಸಿ.

ಸಣ್ಣಣ್ಣ: ಯಾವ ಕಾನೂನು ದೊಡ್ಡಪ್ಪ? ಎಷ್ಟು ದಂಡ? ಎಲ್ಲಿಂದ ಬಂತು ಇದು?

ದೊಡ್ಡಪ್ಪ: ನನಗೆ ಬಂತು, ಕಳಿಸಿದೆ. ನಿನಗೆ ಚಿಕ್ಕಂದಿನಿಂದಲೂ ಹಿರಿಯರ ಮಾತೆಂದರೆ ಅನುಮಾನ.

ಅತ್ತೆ: ಭಾಷೆಗೆ ಶಿಸ್ತು ಬೇಕು. ಈಗಿನವರಿಗೆ ಒಂದು ಪದ ಸರಿಯಾಗಿ ಬರೆಯಲು ಬರುವುದಿಲ್ಲ.

ನಾನು: ದಂಡ ಇಲ್ಲ ದೊಡ್ಡಪ್ಪ. ಆ 60 ಅಕ್ಷರದ ಪದ ಇದೆ, ಆದರೆ ಅದು ಅರೆವಾಹಕಗಳನ್ನು ಅಳೆಯುವ ಒಂದು ಉಪಕರಣದ ಹೆಸರು. ಮಕ್ಕಳು ಅದನ್ನು ಬರೆಯುವುದಿಲ್ಲ. ಬಿಡಿಸಿ ಬರೆಯುವ ತಪ್ಪಿನ ಮಾತು ಮಾತ್ರ ನಿಜ. ಅದಕ್ಕೆ ‘ಸೇರ್‌ಸ್ಕ್ರೀವಿಂಗ್’ ಎಂಬ ಹೆಸರೇ ಇದೆ. ‘ಲಾಮ್ಮೆಲೋರ್’ ಎಂದರೆ ಕುರಿಮರಿಯ ತೊಡೆ. ‘ಲಾಮ್ಮೆ ಲೋರ್’ ಎಂದು ಬಿಡಿಸಿದರೆ ಲಕ್ವ ಹೊಡೆದ ತೊಡೆಗಳು! ‘ರೋಯ್ಕ್‌ಫ್ರಿಟ್’ ಅಂದರೆ ಸಿಗರೇಟ್ ಸೇದದ ಜಾಗ. ಬಿಡಿಸಿದರೆ ‘ಧಾರಾಳವಾಗಿ ಸೇದಿ’ ಎಂದಾಗುತ್ತದೆ. ಹೇಳುವಾಗಲೂ ಗೊತ್ತಾಗುತ್ತದೆ. ಕೂಡುಪದಕ್ಕೆ ಮುಖ್ಯ ಒತ್ತು ಒಂದೇ, ಸಾಮಾನ್ಯವಾಗಿ ಮೊದಲ ಭಾಗದ ಮೇಲೆ.

ಚಿಕ್ಕಮ್ಮ: ಕುರಿಮರಿ ತೊಡೆಯಾ? ಪುಟ್ಟಿ, ನೀನು ಅಲ್ಲಿ ಏನು ತಿನ್ನುತ್ತಿದ್ದೀಯ?

ಸಣ್ಣಣ್ಣ: ಅಂದರೆ ಫಾರ್ವರ್ಡ್ ಸುಳ್ಳು. ಒಪ್ಪಿಕೊಳ್ಳಿ ದೊಡ್ಡಪ್ಪ.

ದೊಡ್ಡಪ್ಪ: ದಂಡದ ಮಾತು ಬಿಡು. ಹೇಳಿದ್ದು ಸರಿ ಇದೆ ಅಲ್ವಾ?

ಭಾವ: ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮಳೆ ಬಂದ ಮಾರನೇ ದಿನ ಹುಲ್ಲಿನ ಮೆದೆ ಪಕ್ಕ ನಾಯಿಕೊಡೆ ಏಳುತ್ತಿದ್ದವು. ಅದರ ಮೇಲೆ ಪ್ರಬಂಧ ಬರೆದಿದ್ದೆ. ಪೂರ್ತಿ ‘ನಾಯಿ ಕೊಡೆ’ ಎಂದು ಬಿಡಿಸಿ. ಮೇಷ್ಟ್ರು ‘ನಿನ್ನ ನಾಯಿನ ಯಾರು ಕೇಳಿದ್ರೋ?’ ಅಂದಿದ್ದರು. ಆ ಮೆದೆ, ಆ ವಾಸನೆ, ಈಗ ಏನೂ ಇಲ್ಲ.

ನಾನು: ಭಾವ, ಇದೇ ನಾನು ಹೇಳಬೇಕೆಂದಿದ್ದು! ಲಾಮ್ಮೆಲೋರ್‌ಗಿಂತ ಎಷ್ಟೋ ಚೆನ್ನಾಗಿದೆ.

ಅತ್ತೆ: ಬಿಡಿಸುವ ಮಾತು ಬಂತಲ್ಲ. ಅಣ್ಣ, ನಿನ್ನ ಮಗಳ ಮದುವೆ ಕಾರ್ಡಿನಲ್ಲಿ ಒಂದು ಸಾಲಿನ ಕೊನೆಗೆ ‘ಆರತ’, ಮುಂದಿನ ಸಾಲಿಗೆ ‘ಕ್ಷತೆ’. ಅಕ್ಷತೆ ಅಂದರೆ ಮುರಿಯದ ಅಕ್ಕಿ. ಅದನ್ನೇ ಮುರಿಸಿದೆ. ಆಗಲೇ ಹೇಳಿದ್ದೆ.

ದೊಡ್ಡಪ್ಪ: ಮುರಿದವನು ಪ್ರೆಸ್ಸಿನವನು. ಕರಡು ನೋಡಲು ನಿನಗೂ ಕೊಟ್ಟಿದ್ದೆ.

ಅತ್ತೆ: ಕೊಟ್ಟಿರಲಿಲ್ಲ.

ನಾನು: ಇಲ್ಲಿ ಸಾಲಿನ ಕೊನೆಗೆ ಪದ ಮುರಿಯಬೇಕಾದರೆ ಬೆಸುಗೆ ಇರುವಲ್ಲೇ ಮುರಿಯುತ್ತಾರೆ. ‘ನಾಟ್’ ಅಂದರೆ ರಾತ್ರಿ, ‘ಟೋಗ್’ ಅಂದರೆ ರೈಲು. ಮೊದಲನೆಯದರ ಕೊನೆಗೆ ಎರಡು ಟಿ, ಎರಡನೆಯದರ ಮೊದಲಿಗೆ ಒಂದು. ಸೇರಿಸಿ ಬರೆದಾಗ ಎರಡೇ ಉಳಿಯುತ್ತವೆ. ಆದರೆ ಸಾಲಿನ ಕೊನೆಗೆ ಮುರಿದರೆ ಬಿಟ್ಟುಹೋದ ಮೂರನೆಯ ಟಿ ವಾಪಸ್ ಬರುತ್ತದೆ! ನನಗೆ ಈ ಭಾಷೆ ಹಿಡಿಸಿದ್ದೇ ಈ ಕಾರಣಕ್ಕೆ. ನಮ್ಮ ಆರತಕ್ಷತೆಯಲ್ಲಿ ಆರತಿಯ ‘ಇ’ ಹೋಗಿ ‘ತ್’ಗೆ ಅಕ್ಷತೆಯ ‘ಅ’ ಅಂಟಿಕೊಂಡಿದೆ. ಬೆಸುಗೆ ಆ ‘ತ’ದ ಒಳಗೇ ಇದೆ. ಎಲ್ಲಿ ಕತ್ತರಿಸಿದರೂ ಒಂದಕ್ಕೆ ಗಾಯ. ಅದನ್ನು ಮುರಿಯದೆ ಪೂರ್ತಿ ಕೆಳಗಿನ ಸಾಲಿಗೆ ಇಳಿಸಬೇಕಿತ್ತು.

ದೊಡ್ಡಪ್ಪ: ನೋಡಿದಿರಾ. ತಪ್ಪು ನನ್ನದಲ್ಲ ಎಂದು ಪುಟ್ಟಿಯೇ ಹೇಳಿದಳು.

ನಾನು: ನಾನು ಹಾಗೆ ಹೇಳಲಿಲ್ಲ ದೊಡ್ಡಪ್ಪ.

ಸಣ್ಣಣ್ಣ: ಕಾರ್ಡ್ ಹೀಗೇ ಇತ್ತು ಎನ್ನುವುದಕ್ಕೆ ಏನು ಸಾಕ್ಷಿ?

ಅತ್ತೆ: ನನ್ನ ಬೀರುವಿನಲ್ಲಿದೆ. ಇಗೋ ಫೋಟೊ.

ಸಣ್ಣಣ್ಣ: ದೊಡ್ಡಪ್ಪ, ಸುಖಾಗಮನ ಬಯಸುವವರಲ್ಲಿ ನನ್ನ ಹೆಸರೇ ಇಲ್ಲವಲ್ಲ?