ಯಾವ ಮೂವತ್ತು ನಿಮಿಷ?

ಸಮುದಾಯ ಶುಶ್ರೂಷಕಿ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ಅಪಾಯ ಹೆಚ್ಚಿದ್ದೂ ಆರೋಗ್ಯ ಸೇವೆ ಸರಿಯಾಗಿ ತಲುಪದ ಅಲ್ಪಸಂಖ್ಯಾತ ಸಮುದಾಯಗಳ ನಡುವೆ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ನಾನೇ ನೂರಾರು ಜನರಿಗೆ ಹೇಳಿದ್ದೇನೆ. ರಾತ್ರಿ ಪಾಳಿಯಲ್ಲಿ ಕಚೇರಿಗಳನ್ನು ಗುಡಿಸಿ ಒರೆಸುವ ಮಹಿಳೆಯೊಬ್ಬರು, ‘ದಿನಕ್ಕೆ 30 ನಿಮಿಷ ನಡೆಯಿರಿ’ ಎಂದು ಬರೆದಿದ್ದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿಡುತ್ತಾ, ‘ಯಾವ ಮೂವತ್ತು ನಿಮಿಷ, ಸಿಸ್ಟರ್?’ ಎಂದು ಕೇಳಿದರು. ಇಂಥವರಿಗೆ ನಾವು ಏನು ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬೇಕು ಎಂಬುದು ನನ್ನ ಪ್ರಶ್ನೆ.

ನಿವೃತ್ತ ದೈಹಿಕ ಶಿಕ್ಷಕ: ನಡೆಯುವುದಕ್ಕೆ ಕಾಸು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷಗಳ ಚಟುವಟಿಕೆ ಮತ್ತು ತೂಕ ಇಳಿಕೆಯ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಹೊಸದಾಗಿ ಕಾಯಿಲೆ ಬರುವುದು ಶೇ. 58ರಷ್ಟು ತಗ್ಗಿತು, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ. 31 ಮಾತ್ರ. ಮನಸ್ಸಿದ್ದರೆ ಮಾರ್ಗವಿದೆ ಎಂದು ಜನರಿಗೆ ತಿಳಿಹೇಳುವುದರಲ್ಲಿ ತಪ್ಪೇನಿದೆ?

ಸಮುದಾಯ ಶುಶ್ರೂಷಕಿ: ಆ ಶೇ. 58ನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಅದರ ಹಿಂದಿನ ಏರ್ಪಾಡನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಗುಂಪಿನ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು. ಮೊದಲ 24 ವಾರಗಳಲ್ಲಿ 16 ಪಾಠಗಳು ಒಬ್ಬೊಬ್ಬರಿಗೂ ಎದುರು ಕೂತು ನಡೆದವು. ಆಮೇಲೂ ಭೇಟಿಗಳು ಮುಂದುವರಿದವು. ಅದರಲ್ಲಿ ಪಾಲ್ಗೊಂಡವರಲ್ಲಿ ಶೇ. 45ರಷ್ಟು ಜನ ಅಲ್ಪಸಂಖ್ಯಾತ ಜನಾಂಗಗಳಿಗೆ ಸೇರಿದವರು, ಫಲ ಅವರಿಗೂ ಸಿಕ್ಕಿತು. ಅಂದರೆ ಈ ಜನರಿಗೆ ಮನಸ್ಸಿಲ್ಲ ಎಂಬ ಮಾತು ಅಲ್ಲೇ ಬಿದ್ದುಹೋಯಿತು. ನಾವು ಅವರಿಗೆ ಕೊಡುತ್ತಿರುವುದು 16 ಪಾಠಗಳನ್ನಲ್ಲ, ಒಂದು ಚೀಟಿಯನ್ನು.

ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿ: ‘ಅದು ಅವರ ವಂಶವಾಹಿಯ ದೋಷ’ ಎಂಬ ಮಾತನ್ನೂ ಇಲ್ಲಿಯೇ ಎತ್ತಿಕೊಳ್ಳಬೇಕು. ಪೀಮಾ ಮೂಲನಿವಾಸಿಗಳನ್ನು ನೋಡಿ. 2006ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ ಅಮೆರಿಕದ ಅರಿಜೋನಾದಲ್ಲಿರುವ ಪೀಮಾ ಜನರಲ್ಲಿ ಶೇ. 38 ಮಂದಿಗೆ ಎರಡನೇ ಬಗೆಯ ಸಕ್ಕರೆ ಕಾಯಿಲೆ ಇದ್ದರೆ, ಮೆಕ್ಸಿಕೋದ ಬೆಟ್ಟಗಳಲ್ಲಿ ಬೇಸಾಯ ಮಾಡಿಕೊಂಡಿರುವ ಅವರ ಬಂಧುಗಳಲ್ಲಿ ಅದು ಶೇ. 6.9 ಮಾತ್ರ. ರಕ್ತ ಒಂದೇ, ಬದುಕು ಬೇರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹೀಲಾ ನದಿಯ ನೀರು ಮೇಲ್ಭಾಗದ ವಲಸಿಗರ ಹೊಲಗಳ ಪಾಲಾಗಿ ಅರಿಜೋನಾ ಪೀಮಾಗಳ ಕೃಷಿ ಕುಸಿದುಬಿದ್ದಿತ್ತು. ದುಡಿಯುವ ನೆಲವನ್ನೇ ಕಳೆದುಕೊಂಡವರನ್ನು ಆಲಸಿಗಳೆನ್ನುವುದು ಅನ್ಯಾಯ.

ಕಾರ್ಮಿಕರ ಮಗಳು: ನನ್ನ ತಂದೆ ದಿನವಿಡೀ ಮೂಟೆ ಹೊರುತ್ತಿದ್ದರು. ರಕ್ತದೊತ್ತಡ ಏರಿದಾಗ ವೈದ್ಯರು ವ್ಯಾಯಾಮ ಮಾಡಿ ಎಂದರು. ತಂದೆ ತಮ್ಮ ಭುಜದ ಮೇಲಿನ ಕಪ್ಪುಗಟ್ಟಿದ ಚರ್ಮವನ್ನು ಮುಟ್ಟಿ ನೋಡಿಕೊಂಡು ಸುಮ್ಮನಾದರು. ಬಿಡುವಿನ ಹೊತ್ತಿನ ನಡಿಗೆ ಹೃದಯಕ್ಕೆ ಹಿತವಾದಷ್ಟು ಗಂಟೆಗಟ್ಟಲೆ ಭಾರ ಎತ್ತುವ ದುಡಿಮೆ ಹಿತವಾಗದು, ಏಕೆಂದರೆ ಅಲ್ಲಿ ವಿಶ್ರಾಂತಿಯಿಲ್ಲದೆ ನಾಡಿ ಮತ್ತು ಒತ್ತಡ ಏರಿಯೇ ಇರುತ್ತವೆ ಎಂದು ಹಲವು ಸಂಶೋಧಕರು ವಾದಿಸುತ್ತಾರೆ. ಅದು ನಿಜವಾದರೆ ನನ್ನ ತಂದೆಗೆ ಮೊದಲು ಬೇಕಿದ್ದದ್ದು ಬಿಡುವು.

ನಿವೃತ್ತ ದೈಹಿಕ ಶಿಕ್ಷಕ: ಆ ಮಾತು ನನಗೆ ನಾಟಿತು, ‘ಮನಸ್ಸಿದ್ದರೆ’ ಎಂದದ್ದನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೂ ಒಂದು ಆತಂಕವಿದೆ. ಕೂಲಿ ಏರಲಿ, ಉದ್ಯಾನ ಬರಲಿ, ಬೀದಿ ಸುರಕ್ಷಿತವಾಗಲಿ ಎಂದು ಕಾಯುತ್ತಾ ಕುಳಿತರೆ ಈಗ ಐವತ್ತು ದಾಟಿದವರ ಕಾಲ ಮುಗಿದೇಹೋಗುತ್ತದೆ. ಹಿಂದೆ, ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಮಾಡಿದರಷ್ಟೇ ಲೆಕ್ಕ ಎನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಆ ಷರತ್ತನ್ನು ಕೈಬಿಟ್ಟಿದೆ. ಆ ಮಹಿಳೆಗೆ ಬಿಡಿಬಿಡಿಯಾದ ಐದೈದು ನಿಮಿಷಗಳ ಮಾತನ್ನಾದರೂ ಇಂದೇ ಹೇಳಬಹುದಲ್ಲವೇ?

ಸಮುದಾಯ ಶುಶ್ರೂಷಕಿ: ಹೇಳಬಹುದು, ಹೇಳಿದ್ದೇನೆ. ಆದರೆ ಯಾರು ಹೇಳುತ್ತಾರೆ ಎಂಬುದೂ ಮುಖ್ಯ. ಲಾಸ್ ಏಂಜಲೀಸ್ ಪ್ರದೇಶದ 52 ಕ್ಷೌರದಂಗಡಿಗಳಲ್ಲಿ ಕಪ್ಪು ಪುರುಷರ ನಡುವೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧತಜ್ಞರೇ ಅಂಗಡಿಗೆ ಬಂದು ಚಿಕಿತ್ಸೆ ಕೊಟ್ಟಾಗ, ಆರು ತಿಂಗಳಲ್ಲಿ ಮೇಲಿನ ರಕ್ತದೊತ್ತಡ ಸರಾಸರಿ 27 ಅಂಕ ಇಳಿಯಿತು. ಕ್ಷೌರಿಕರ ಸಲಹೆಯಷ್ಟೇ ಸಿಕ್ಕ ಗುಂಪಿನಲ್ಲಿ ಇಳಿದದ್ದು ಸುಮಾರು 9. ಅದು ಮಾತ್ರೆಗಳ ಪ್ರಯೋಗ, ವ್ಯಾಯಾಮದ್ದಲ್ಲ, ನಿಜ. ಆದರೂ ಜನ ನಂಬುವ ಜಾಗಕ್ಕೆ ಸೇವೆಯೇ ನಡೆದುಹೋಗಬೇಕು ಎಂಬ ಪಾಠ ನಮಗೂ ಅನ್ವಯಿಸುತ್ತದೆ.

ನಮ್ಮಲ್ಲೊಂದು ಮಹಿಳೆಯರ ಗುಂಪು ಹೊರಗಿನ ಬೀದಿಗೆ ಹೆದರಿ ಸಮುದಾಯ ಸಭಾಂಗಣದ ಒಳಗೇ ಸುತ್ತು ಹಾಕುತ್ತಿತ್ತು. ಪ್ರತಿ ಸುತ್ತಿಗೂ ಒಂದು ಬೆಣಚುಕಲ್ಲನ್ನು ಈ ಕಿಟಕಿಯಿಂದ ಆ ಕಿಟಕಿಗೆ ಸಾಗಿಸುತ್ತಿದ್ದರು. ನಲವತ್ತು ಕಲ್ಲು ದಾಟಿದರೆ ಅಂದಿನ ನಡಿಗೆ ಮುಗಿಯಿತು. ಎಣಿಸಿ ನಡೆಸುತ್ತಿದ್ದವರು ಅವರಲ್ಲೇ ಒಬ್ಬರು, ಅವರಿಗೆ ಸಣ್ಣ ಗೌರವಧನವಿತ್ತು. ಅನುದಾನ ನಿಂತ ಮೇಲೆ ಅವರು ಆ ಹೊತ್ತಿಗೆ ಬೇರೊಂದು ಕೆಲಸ ಹಿಡಿಯಬೇಕಾಯಿತು, ಗುಂಪು ಎರಡೇ ತಿಂಗಳಲ್ಲಿ ಚದುರಿತು. ಕಲ್ಲುಗಳು ಇನ್ನೂ ಆ ಕಿಟಕಿಯ ಮೇಲೇ ಇವೆ.

ಕಾರ್ಮಿಕರ ಮಗಳು: ಹಾಗಾದರೆ ಗೌರವಧನ ಎನ್ನಬೇಡಿ, ಸಂಬಳ ಎನ್ನಿ. ವೈದ್ಯರು ಬರೆಯುವ ಚೀಟಿಗೆ ಹಣವಿದೆ, ನಲವತ್ತು ಸುತ್ತು ನಡೆಸುವವರಿಗೆ ಯಾಕಿಲ್ಲ?

ನಿವೃತ್ತ ದೈಹಿಕ ಶಿಕ್ಷಕ: ಆ ಸಭಾಂಗಣವನ್ನು ಅವರ ಪಾಳಿಗೆ ಹೊಂದುವ ಹೊತ್ತಿಗೆ ತೆರೆಸುವುದಾದರೆ, ಸ್ನಾಯುಬಲದ ವ್ಯಾಯಾಮ ಕಲಿಸಲು ವಾರಕ್ಕೆ ಎರಡು ದಿನ ನಾನು ಬರುತ್ತೇನೆ. ಎಣಿಸುವವರು ಮಾತ್ರ ಅವರವರೇ ಆಗಿರಲಿ, ಅವರಿಗೆ ಸಂಬಳವೂ ಇರಲಿ.